ತುಂಗಾತನಯ

ಮೊನ್ನೆ ಒಂದು ಕಛೇರಿಯಲ್ಲಿ ನನ್ನ ಇ-ಮೇಲ್ ವಿಳಾಸವನ್ನು ದಾಖಲು ಮಾಡಿಕೊಳ್ಳುತ್ತಿದ್ದ ಯುವಕ ನಡುವೆಯೇ ಬೆರಳು ನಿಲ್ಲಿಸಿ ನನ್ನ ಮುಖ ನೋಡಿದ. "ತುಂಗಾತನಯ ಅಂದರೇನು ಸಾರ್? ನೀವು ಶಿವಮೊಗ್ಗದ ಕಡೆಯವರೆ?" ಎಂದು ಕೇಳಿದ. ಅಲ್ಲ, ಧಾರವಾಡದವನು ಎಂದೆ. "ಅಲ್ಲಿ ತುಂಗೆ ಹರಿಯುವುದಿಲ್ಲವಲ್ಲ!" ಎಂದ. ಹುಡುಗ ಭೂಗೋಳವನ್ನು ಶ್ರದ್ಧೆಯಿಂದ ಓದಿದವನೆಂದು ತೋರುತ್ತದೆ. ನನ್ನ ಬೆನ್ನ ಹಿಂದೆ ಏಳೆಂಟು ಜನ ನಿಂತಿದ್ದರು. ಅವರೆಲ್ಲರ ತಾಳ್ಮೆಯನ್ನು ಪರೀಕ್ಷಿಸುವಷ್ಟು ಉದ್ದದ ಕಥೆ ಅದು. "ಹೌದಪ್ಪ, ಹರಿಯುವುದಿಲ್ಲ" ಎಂದಷ್ಟೆ ಹೇಳಿ ಹೊರಗೆ ಬಂದೆ. ಅವನಿಗೆ ಕೊಡದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ಇಲ್ಲಿ ಸಾಲು ಇಲ್ಲ. ಬೇಸರವಾದವರು ಪುಟ ತಿರುಗಿಸಬಹುದು.

ತೊಟ್ಟಿಲಿಗೆ ಹಾಕಿದ ದಿನ ಕಿವಿಯಲ್ಲಿ ಊದಿದ ಹೆಸರು ಮನುಷ್ಯನ ಮೊದಲನೆಯ ಆಸ್ತಿ ಎನ್ನಬೇಕು. ಆದರೆ ಎಂಥ ಆಸ್ತಿ! ಅದನ್ನು ನಾವು ಗಳಿಸಿದ್ದಲ್ಲ, ಆರಿಸಿದ್ದೂ ಅಲ್ಲ; ಬಳಸುವುದಂತೂ ನಮಗಿಂತ ನೆರೆಹೊರೆಯವರೇ ಹೆಚ್ಚು. ನನಗೆ ದೊರೆತದ್ದು ರಾಘವೇಂದ್ರ ಎಂಬ ಹೆಸರು. ಮಂತ್ರಾಲಯದ ಗುರುಗಳ ಮೇಲಿನ ಭಕ್ತಿಯಿಂದಾಗಿ ನಮ್ಮ ಸೀಮೆಯಲ್ಲಿ ಮನೆಗೊಬ್ಬ ರಾಘವೇಂದ್ರನಿದ್ದಾನೆ. ನಾನು ಓದಿದ ತರಗತಿಯಲ್ಲಿಯೇ ನಾಲ್ವರಿದ್ದೆವು. ಮಾಸ್ತರರು "ರಾಘವೇಂದ್ರಾ" ಎಂದು ಗದರಿದರೆ ನಾಲ್ವರೂ ಎದ್ದು ನಿಲ್ಲುತ್ತಿದ್ದೆವು. "ನೀನಲ್ಲ" ಎಂದು ಮೂವರನ್ನು ಕೂರಿಸುವುದರೊಳಗೆ ಅವರ ಸಿಟ್ಟು ಅರ್ಧ ಇಳಿದಿರುತ್ತಿತ್ತು. ಸಾಮಾನ್ಯ ಹೆಸರಿನಿಂದ ಇಂಥ ಲಾಭಗಳೂ ಉಂಟು.

ಕಂಪ್ಯೂಟರು ಮಾತ್ರ ಆ ಲಾಭವನ್ನು ಕೊಡಲಿಲ್ಲ. 2010ರ ಒಂದು ಭಾನುವಾರ, ಕಾಲೇಜಿಗೆ ಹೋಗುತ್ತಿದ್ದ ನನ್ನ ಮಗ, ಇ-ಮೇಲ್ ಇಲ್ಲದ ತಂದೆಯನ್ನು ಪಡೆದ ತನ್ನ ದುರ್ದೈವವನ್ನು ಚೆನ್ನಾಗಿ ವರ್ಣಿಸಿ, ನನ್ನನ್ನು ಅದರ ಮುಂದೆ ಕೂರಿಸಿದ. ನನಗಾಗ ಐವತ್ತೆರಡು ವರ್ಷ. ನನ್ನ ಹೆಸರನ್ನು ಒತ್ತಿದೆ. ಆ ಹೆಸರು ಆಗಲೇ ಬೇರೆಯವರ ವಶದಲ್ಲಿದೆ ಎಂದು ಯಂತ್ರ ತಿಳಿಸಿತು. ತಂದೆಯ ಹೆಸರಿನ ಮೊದಲಕ್ಷರ ಸೇರಿಸಿದೆ, ಅದೂ ಹೋಗಿತ್ತು. ಊರಿನ ಹೆಸರು ಸೇರಿಸಿದೆ; ಅದೂ ಇಲ್ಲ. ಕೊನೆಗೆ ಯಂತ್ರವೇ ಕನಿಕರಪಟ್ಟು ನನ್ನ ಹೆಸರಿನ ಮುಂದೆ ಮೂರಂಕಿಯ ಒಂದು ಸಂಖ್ಯೆಯನ್ನು ಸೇರಿಸಿ, ಇದಾದರೆ ದೊರೆಯುತ್ತದೆ ಎಂದಿತು. ಜೈಲಿನಲ್ಲಿರುವವರಿಗೆ ಸಂಖ್ಯೆ ಕೊಡುವುದನ್ನು ಕೇಳಿದ್ದೆ. ಯಾವ ಅಪರಾಧವನ್ನೂ ಮಾಡದೆ ಅದನ್ನು ಒಪ್ಪಿಕೊಳ್ಳಲು ಮನಸ್ಸು ಬರಲಿಲ್ಲ. "ಹಂಗಾದರ ನಿನಗ ಬೇಕಾದ ಹೆಸರು ಇಟ್ಕೋ ಅಪ್ಪಾ, ಯಾರೂ ಬ್ಯಾಡ ಅನ್ನೂದಿಲ್ಲ" ಎಂದ ಮಗ.

ಬೇಕಾದ ಹೆಸರು! ಆ ಮಾತನ್ನು ನನಗೆ ಅದುವರೆಗೆ ಯಾರೂ ಹೇಳಿರಲಿಲ್ಲ. ಕಾಲೇಜಿನಲ್ಲಿದ್ದಾಗ ಮಾತ್ರ ಒಮ್ಮೆ, ಯಾರೂ ಹೇಳದಿದ್ದರೂ, ನಾನೇ ಒಂದು ಕಾವ್ಯನಾಮವನ್ನು ಇಟ್ಟುಕೊಂಡಿದ್ದೆ: 'ವಸಂತಪ್ರಿಯ'. ಆ ಹೆಸರಿನಲ್ಲಿ ಮೂರು ಕವಿತೆಗಳನ್ನು ಪತ್ರಿಕೆಗಳಿಗೆ ಕಳುಹಿಸಿದೆ. ಮೂರೂ ಮರಳಿ ಬಂದವು. ಅಂಚೆಯವನು ಮನೆಯ ಮುಂದೆ ನಿಂತು, "ವಸಂತಪ್ರಿಯ ಅಂದರ ಯಾರ್ರೀ ಇಲ್ಲೆ?" ಎಂದು ಓಣಿಗೆಲ್ಲ ಕೇಳುವಂತೆ ಕೂಗಿದ ದಿನ ನನ್ನ ಕಾವ್ಯಜೀವನ ಮುಗಿಯಿತು.

ಆದರೂ ನಮ್ಮ ಸಾಹಿತಿಗಳು ಆರಿಸಿಕೊಂಡ ಹೆಸರುಗಳ ಮೇಲೆ ನನಗಿದ್ದ ಆಸೆ ಹೋಗಲಿಲ್ಲ. ಒಂದೊಂದು ಹೆಸರಿನ ಹಿಂದೆಯೂ ಒಂದೊಂದು ಸ್ವಭಾವ. ಉಡುಪಿಯಲ್ಲಿ ವ್ಯಾಯಾಮದ ಮಾಸ್ತರರಾಗಿದ್ದ ನಂದಳಿಕೆ ಲಕ್ಷ್ಮೀನಾರಣಪ್ಪನವರು, ತಾವು ಬರೆದುದನ್ನು ಯಾವನೋ ಹಳೆಯ ಕವಿಯದೆಂಬಂತೆ ಪ್ರಕಟಣೆಗೆ ಕಳುಹಿಸಿದರು. ಮುದ್ದಣನೆಂಬ ಹೆಸರಿನ ಮರೆಯಲ್ಲಿ ನಿಂತರು. 1901ರಲ್ಲಿ ತೀರಿಕೊಂಡರು, ಮೂವತ್ತೊಂದು ವರ್ಷಕ್ಕೆ. ಮಾಸ್ತಿಯವರು ಕಥೆಗಳಿಗೆ 'ಶ್ರೀನಿವಾಸ' ಎಂದು ಸಹಿ ಹಾಕಿದರು. ಕುಪ್ಪಳಿಯ ಪುಟ್ಟಪ್ಪನವರು ಊರು, ತಂದೆ, ತಾವು, ಮೂವರನ್ನೂ ಮೂರೇ ಅಕ್ಷರಗಳಲ್ಲಿ ಅಡಗಿಸಿ ಕುವೆಂಪು ಆದರು. ರಾಯಸಂ ಭೀಮಸೇನರಾಯರು ಬೀಚಿಯಾಗಿ, ಆ ಪುಟ್ಟ ಹೆಸರಿನ ಅರ್ಧವನ್ನು ಕನ್ನಡದಲ್ಲಿಯೂ ಅರ್ಧವನ್ನು ಇಂಗ್ಲಿಷಿನಲ್ಲಿಯೂ ಬರೆದು, ಪುಸ್ತಕವನ್ನು ತೆರೆಯುವ ಮೊದಲೇ ನಗಿಸಿದರು. ಅನಸೂಯಾ ಶಂಕರ್ ಎಂಬ ಹೆಣ್ಣುಮಗಳು ಮೂರು ನದಿಗಳ ಸಂಗಮದ ಹೆಸರನ್ನು ತಾನೇ ಆರಿಸಿಕೊಂಡು ತ್ರಿವೇಣಿಯಾದಳು. ಇನ್ನೂ ಹಿಂದಕ್ಕೆ ಹೋದರೆ ಶರಣರೂ ದಾಸರೂ ತಮ್ಮ ಹೆಸರಿನ ಗೊಡವೆಗೇ ಹೋಗದೆ, ತಮ್ಮ ದೈವದ ಹೆಸರನ್ನು ಅಂಕಿತವಾಗಿ ಇಟ್ಟು ಸುಮ್ಮನಾದರು. ಬಸವಣ್ಣನವರ ಮಾತಿನ ಕೊನೆಯಲ್ಲಿ ನಿಂತಿರುವುದು ಬಸವಣ್ಣನಲ್ಲ, ಕೂಡಲಸಂಗಮದೇವ.

ಇವರೆಲ್ಲರಿಗಿಂತ ನನ್ನ ಮನಸ್ಸಿಗೆ ಹತ್ತಿರವಾದ ಹೆಸರು ನಮ್ಮ ಊರಿನದೇ, ಸಾಧನಕೇರಿಯದು. ದ. ರಾ. ಬೇಂದ್ರೆ ಎಂಬಲ್ಲಿ 'ರಾ' ಎಂದರೆ ರಾಮಚಂದ್ರ, ಅವರ ತಂದೆ. ನಮ್ಮ ಕಡೆಯ ಪದ್ಧತಿಯೇ ಹಾಗೆ: ಮೊದಲು ತನ್ನ ಹೆಸರು, ನಡುವೆ ತಂದೆಯದು, ಕೊನೆಗೆ ಮನೆತನದ್ದು. ಮೂರು ಮನೆಗಳಿರುವ ಆ ಚಾಳಿನಲ್ಲಿ ತಾಯಿಗೆ ಒಂದು ಮೂಲೆಯೂ ಇಲ್ಲ. ಬೇಂದ್ರೆಯವರು ಕವಿತೆಯ ಕೆಳಗೆ ಸಹಿ ಹಾಕುವಾಗ ಆ ಲೆಕ್ಕವನ್ನು ಸರಿಪಡಿಸಿದರು: ಅಂಬಿಕಾತನಯದತ್ತ, ಅಂಬಿಕೆಯ ಮಗ ದತ್ತ.

ಆ ಭಾನುವಾರ ಇದೆಲ್ಲ ನನಗೆ ನೆನಪಾಗಲು ಕಾರಣ, ಅದೇ ಪುಟದ ಕೆಳಗೆ ಯಂತ್ರ ಕೇಳಿದ್ದ ಇನ್ನೊಂದು ಪ್ರಶ್ನೆ. ಮುಂದೆ ನಾನು ಗುಪ್ತಪದವನ್ನು ಮರೆತರೆ ನನ್ನನ್ನು ಗುರುತಿಸಲು ಅದಕ್ಕೊಂದು ಗುಟ್ಟು ಬೇಕಂತೆ: ನಿಮ್ಮ ತಾಯಿಯ ತವರಿನ ಹೆಸರೇನು? "ಅಂದರ ಅಡ್ಡಹೆಸರು ಅಪ್ಪಾ. ಮದುವಿ ಆದಮ್ಯಾಲೆ ಬದಲಾಗ್ತದಲ್ಲ, ಅದನ್ನ ಕೇಳ್ತದ" ಎಂದು ಮಗ ವಿವರಿಸಿದ. "ನಿಮ್ಮ ಅಜ್ಜಿದು ಅಡ್ಡಹೆಸರಷ್ಟ ಬದಲಾಗಲಿಲ್ಲಪಾ" ಎಂದೆ. ಅವನು ತಿರುಗಿ ನೋಡಿದ.

ನಮ್ಮವ್ವ ಹುಟ್ಟಿದ್ದು 1936ರಲ್ಲಿ, ರಾಣೆಬೆನ್ನೂರು ತಾಲ್ಲೂಕಿನ ಒಂದು ಹೊಳೆದಂಡೆಯ ಹಳ್ಳಿಯಲ್ಲಿ. ಹೊಳೆ ಎಂದರೆ ತುಂಗಭದ್ರೆ. ಮನೆಯ ಹಿತ್ತಿಲಿನಿಂದ ನೀರು ಕಾಣುತ್ತಿತ್ತು. ಅವಳ ಅಜ್ಜಿ ಮಗುವಿಗೆ ತುಂಗಾ ಎಂದು ಹೆಸರಿಟ್ಟಳು. ಗಂಗಾಸ್ನಾನ, ತುಂಗಾಪಾನ ಎಂದು ನಾಣ್ನುಡಿಯಿದೆಯಷ್ಟೆ. ಮೀಯುವುದಕ್ಕೆ ಗಂಗೆಯಾದರೆ ಕುಡಿಯುವುದಕ್ಕೆ ತುಂಗೆ. 1954ರಲ್ಲಿ ಅವಳಿಗೆ ಹದಿನೆಂಟು ತುಂಬಿದಾಗ ಧಾರವಾಡದ ನಮ್ಮ ಮನೆಗೆ ಕೊಟ್ಟರು. ವರ, ಕುಲ, ಗೋತ್ರ, ಜಾತಕ ಎಲ್ಲ ಕೂಡಿ ಬಂದವು. ಒಂದೇ ತೊಡಕು: ನನ್ನ ತಂದೆಯ ತಾಯಿಯ ಹೆಸರೂ ತುಂಗಾಬಾಯಿ.

ಇದೇನು ತೊಡಕು ಎಂದು ಈಗಿನವರು ಕೇಳಬಹುದು. ಅತ್ತೆಯ ಹೆಸರಿನ ಸೊಸೆಯನ್ನು ಅತ್ತೆ ಹೇಗೆ ಗದರಬೇಕು? ಮಾವ ಹೇಗೆ ಕರೆಯಬೇಕು? ಅದಕ್ಕೆ ನಮ್ಮ ಹಿರಿಯರಲ್ಲಿ ಸುಲಭವಾದ ಪರಿಹಾರವಿತ್ತು. ಮದುವೆಯ ದಿನ ತಟ್ಟೆಯೊಂದರಲ್ಲಿ ಅಕ್ಕಿಯನ್ನು ಹರಡಿದರು. ವರನು ಉಂಗುರದಿಂದ ಅದರ ಮೇಲೆ 'ರಮಾ' ಎಂದು ಬರೆದ. ಐದಾರು ಜನ ಓದಿದರು, ಒಳ್ಳೆಯ ಹೆಸರು ಎಂದರು. ಆಮೇಲೆ ಆ ಅಕ್ಕಿಯನ್ನು ಅನ್ನಕ್ಕೆ ಹಾಕಿರಬೇಕು. 1973ರಲ್ಲಿ ಮೈಸೂರು ರಾಜ್ಯ ಕರ್ನಾಟಕವಾದಾಗ ಶಾಸನಸಭೆಯಲ್ಲಿ ಚರ್ಚೆಯಾಯಿತು. 2014ರಲ್ಲಿ ಬೆಳಗಾಂ ಬೆಳಗಾವಿಯಾದಾಗ ಸರಕಾರ ಪ್ರಕಟಣೆ ಹೊರಡಿಸಿತು. ಹದಿನೆಂಟು ವರ್ಷ ಒಂದು ಹೆಸರಿಗೆ ಓಗೊಟ್ಟ ಹುಡುಗಿಗೆ ಇನ್ನೊಂದು ಹೆಸರು ಬಂದಾಗ ಸೇರಕ್ಕಿ ಸಾಕಾಯಿತು. ಯಾವ ಕಾನೂನೂ ಅದನ್ನು ಕೇಳಿರಲಿಲ್ಲ.

ಹೆಸರು ಬದಲಾಗುವುದೇ ದೊಡ್ಡ ಅನ್ಯಾಯವೆಂದು ನಾನು ವಾದಿಸಲಾರೆ. ಅನಸೂಯಾ ತ್ರಿವೇಣಿಯಾದಾಗ ಯಾರಿಗೂ ನೋವಾಗಲಿಲ್ಲ. ಅವಳು ಆರಿಸಿಕೊಂಡಳು, ಇವಳಿಗೆ ಆರಿಸಿಕೊಟ್ಟರು; ವ್ಯತ್ಯಾಸ ಅಷ್ಟೆ. ನದಿಗಳ ವಿಷಯದಲ್ಲಿ ನಮ್ಮವರು ಇದಕ್ಕಿಂತ ಉದಾರಿಗಳು. ಶಿವಮೊಗ್ಗದ ಬಳಿಯ ಕೂಡಲಿಯಲ್ಲಿ ತುಂಗೆ ಭದ್ರೆಯನ್ನು ಸೇರುತ್ತಾಳೆ. ಅಲ್ಲಿ ಯಾರೂ ತಟ್ಟೆ ತಂದು ಅಕ್ಕಿ ಹರಡಲಿಲ್ಲ. ಎರಡು ಹೆಸರುಗಳೂ ಉಳಿದವು. ಒಂದರ ಪಕ್ಕದಲ್ಲಿ ಒಂದಾಗಿ, ಮುಂದೆ ಕೃಷ್ಣೆಯನ್ನು ಸೇರುವವರೆಗೂ ಹರಿದವು.

ಆ ಮಗುವಿನ ತೊಟ್ಟಿಲಿನ ಹೆಸರು ನನಗೆ ಬಹಳ ದಿನ ತಿಳಿಯಲೇ ಇಲ್ಲ. ಮನೆಯಲ್ಲಿ ಅವಳು ಎಲ್ಲರಿಗೂ ರಮಾ, ನಮಗೆ ಅವ್ವ. ಸೋದರಮಾವ ಬಂದರೆ "ಅಕ್ಕಾ" ಎನ್ನುತ್ತಿದ್ದ. ಅವಳ ತಂದೆ ಬರೆಯುತ್ತಿದ್ದ ಕಾರ್ಡುಗಳು ಅಳಿಯನ ಹೆಸರಿಗೆ ಬರುತ್ತಿದ್ದವು. ಕೊನೆಯ ಸಾಲಿನಲ್ಲಿ, ಚಿ. ಸೌ. ರಮಾಳಿಗೆ ಆಶೀರ್ವಾದಗಳು. ಹೆಸರಿಟ್ಟ ಮನೆಯವರೇ ಆ ಹೆಸರನ್ನು ಬಿಟ್ಟುಕೊಟ್ಟಿದ್ದರು.

ಈಗ ಹೇಳಬೇಕಾದ ಮಾತಿಗೆ ಬಂದೆ. ಹೆಸರುಗಳ ಹರಟೆಯಲ್ಲಿ ಇಷ್ಟು ಹೊತ್ತು ಸುತ್ತಿದ್ದು, ನಿಜ ಹೇಳಬೇಕೆಂದರೆ, ಇದನ್ನು ಆದಷ್ಟು ಮುಂದೂಡುವುದಕ್ಕೆ.

1974ರಲ್ಲಿ ನನ್ನ ತಂದೆ ತೀರಿಕೊಂಡರು. 1978ರಲ್ಲಿ ಅಜ್ಜಿ ಹೋದಳು. ಮರುವರ್ಷ ದೊಡ್ಡಪ್ಪ, ಕಾಕಾ, ನಾವು ಬೇರೆಯಾದೆವು. ಹೊಲಮನೆಗಳದು ಮುಗಿದು ಬಾಂಡೆ ಸಾಮಾನಿನ ಸರದಿ ಬಂತು. ಅಟ್ಟದ ಮೇಲಿನ ತಾಮ್ರ, ಹಿತ್ತಾಳೆ, ಕಂಚು ಎಲ್ಲ ಅಂಗಳಕ್ಕೆ ಇಳಿದವು. ನನಗೆ ಇಪ್ಪತ್ತೊಂದು ವರ್ಷ, ಬಿ.ಎ. ಮುಗಿಸಿದ್ದೆ, ಅಕ್ಷರ ದುಂಡಗಿತ್ತು. ಯಾದಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಒಂದೊಂದು ಪಾತ್ರೆಯನ್ನೂ ಬೆಳಕಿಗೆ ಹಿಡಿದು, ಕಂಠದ ಮೇಲೆ ಚುಕ್ಕೆ ಚುಕ್ಕೆಯಾಗಿ ಕೊರೆದ ಹೆಸರನ್ನು ಗಟ್ಟಿಯಾಗಿ ಓದಿ ಬರೆದುಕೊಳ್ಳುತ್ತಿದ್ದೆ. ಸೊಸೆಯರು ತವರಿನಿಂದ ತಂದ ಬಳುವಳಿಯ ಪಾತ್ರೆಗಳು ಅವರವರಿಗೆ, ಅಜ್ಜಿಯ ಪಾತ್ರೆಗಳು ಮೂರು ಪಾಲು, ಇದು ನಿಯಮ. ಕೆಲವು ಪಾತ್ರೆಗಳ ಮೇಲೆ 'ತುಂಗಾಬಾಯಿ' ಎಂದಿತ್ತು, ಕೆಲವುಗಳ ಮೇಲೆ ಬರಿಯ 'ತುಂಗಾ' ಎಂದಿತ್ತು. ಕೊರೆಯುವವನಿಗೆ ಅಕ್ಷರಕ್ಕಿಷ್ಟು ಎಂದು ಕೂಲಿ, ಖರ್ಚು ಉಳಿಸಲು ಹಿಡಿದು ಬರೆಸಿದ್ದಾರೆ ಎಂದು ನಾನೇ ವ್ಯಾಖ್ಯಾನವನ್ನೂ ಮಾಡಿದೆ, ಎಲ್ಲರೂ ನಕ್ಕರು. ಎಲ್ಲವನ್ನೂ ಅಜ್ಜಿಯ ಹೆಸರಿನ ಕೆಳಗೆ ಬರೆದೆ. ದೊಡ್ಡದೊಂದು ತಾಮ್ರದ ಹಂಡೆ, ಎರಡು ಕೊಡ, ಒಂದು ಜೊತೆ ಸಮೆ, ಆರು ತಂಬಿಗೆ.

ಅವ್ವ ಬಾಗಿಲ ಪಕ್ಕದಲ್ಲಿ ನಿಂತಿದ್ದಳು. ಹಂಡೆ ದೊಡ್ಡಪ್ಪನ ಪಾಲಿಗೆ ಹೋಯಿತು. ಸಮೆಗಳು ಕಾಕಾನ ಮನೆಗೆ ಹೋದವು. ನಮ್ಮ ಪಾಲಿಗೆ ಎರಡು ತಂಬಿಗೆ ಬಂದವು. "ನಿನ್ನವು ಏನೂ ಇಲ್ಲೇನವ್ವಾ?" ಎಂದು ನಾನೇ ಕೇಳಿದೆ. ರಮಾ ಎಂಬ ಹೆಸರಿನ ಪಾತ್ರೆ ಒಂದೂ ಸಿಕ್ಕಿರಲಿಲ್ಲ. "ಇರಲಿ ಬಿಡಪಾ" ಎಂದಳು.

ಎರಡು ವರ್ಷದ ಮೇಲೆ ಸೋದರಮಾವನ ಊರಿಗೆ ಹೋಗಿದ್ದೆ. ಹಿತ್ತಿಲಿನಲ್ಲಿ ಹೊಳೆ ನೋಡುತ್ತ ಕುಳಿತಿದ್ದಾಗ ಮಾಮಾ ಕೇಳಿದ: "ನಮ್ಮಪ್ಪ ಕೊಟ್ಟ ತಾಮ್ರದ ಹಂಡೆ ಇನ್ನೂ ಅದನೋ ಇಲ್ಲೋ? ಆ ವರ್ಷದ ಜೋಳ ಮಾರಿದ ರೊಕ್ಕ ಎಲ್ಲಾ ಅದಕ್ಕ ಹಾಕಿದ್ದ."

"ಯಾವ ಹಂಡೆ ಮಾಮಾ?"

"ತುಂಗಕ್ಕನ ಹಂಡೆ. ಹೆಸರು ಕೊರಸ್ಯಾರ ನೋಡು, ಅದರ ಮ್ಯಾಲೆ."

"ತುಂಗಕ್ಕ ಅಂದರ ಯಾರು?"

ಮಾಮಾ ನನ್ನನ್ನೇ ನೋಡಿದ. "ನಿಮ್ಮವ್ವ" ಎಂದ.

ಊರಿಗೆ ಬಂದವನು ಚಪ್ಪಲಿಯನ್ನೂ ಬಿಡದೆ ಅಡಿಗೆಮನೆಯ ಬಾಗಿಲಲ್ಲಿ ನಿಂತು ಕೇಳಿದೆ: "ಆವತ್ತು ಯಾಕ ಹೇಳಲಿಲ್ಲ ಅವ್ವಾ?" ಅವಳು ಒಲೆಯ ಕಡೆಗೆ ಮುಖ ಮಾಡಿಕೊಂಡೇ ಹೇಳಿದಳು: "ಹೆಂಗ ಹೇಳ್ಲೋ? ಅತ್ತಿಯವರ ಹೆಸರಲ್ಲೇನು ಅದು?"

ಗಂಡನ ಹೆಸರನ್ನು ಹೆಂಡತಿ ಹೇಳಬಾರದು, ಅತ್ತೆಮಾವಂದಿರ ಹೆಸರನ್ನು ಸೊಸೆ ಎತ್ತಬಾರದು ಎಂಬ ಕಟ್ಟಳೆಯಲ್ಲಿ ಬೆಳೆದವಳು ಅವಳು. ತುಂಗಾ ಎಂಬುದು ಆ ಮನೆಯಲ್ಲಿ ಅವಳ ಬಾಯಿಗೆ ನಿಷಿದ್ಧವಾದ ಶಬ್ದ. ಈ ಹಂಡೆ ನನ್ನದು ಎನ್ನಬೇಕಾದರೆ ತನ್ನ ಹೆಸರನ್ನು ಹೇಳಬೇಕು. ಆ ಹೆಸರನ್ನು ಹೇಳಿದರೆ ತೀರಿಹೋದ ಅತ್ತೆಯನ್ನು ಏಕವಚನದಲ್ಲಿ ಕರೆದ ಹಾಗೆ. ಮೈದುನನೂ ಭಾವನೂ ಕುಳಿತಿರುವ ಅಂಗಳದಲ್ಲಿ, ಗಂಡನಿಲ್ಲದ ಹೆಂಗಸು ಅದನ್ನು ಹೇಗೆ ಹೇಳಿಯಾಳು? ಹೇಳಬೇಕಾದವನು ನಾನು. ನಾನು ದುಂಡಗಿನ ಅಕ್ಷರದಲ್ಲಿ ಬರೆದುಕೊಳ್ಳುತ್ತಿದ್ದೆ. ದೊಡ್ಡಮ್ಮನಿಗೆ ಈ ಸಂಗತಿ ತಿಳಿದಿತ್ತೋ ಇಲ್ಲವೋ, ನಾನು ಕೇಳಲಿಲ್ಲ, ಈಗ ಕೇಳುವಂತಿಲ್ಲ. ಆಮೇಲೆ ಹಂಡೆಯನ್ನು ಮರಳಿ ಪಡೆಯುವ ಆಲೋಚನೆಯಿಂದ ದೊಡ್ಡಪ್ಪನ ಮನೆಗೆ ಹೋದೆ. ಬಚ್ಚಲಿಗೆ ಬಾಯ್ಲರು ಬಂದಿತ್ತು. ಹಂಡೆಯನ್ನು ತೂಕಕ್ಕೆ ಹಾಕಿ ಸ್ಟೀಲಿನ ಡಬ್ಬಿಗಳನ್ನು ಕೊಂಡಿದ್ದರು.

ಇಷ್ಟು ಕಥೆಯನ್ನು ಆ ಭಾನುವಾರ ಮಗನಿಗೆ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಗುಟ್ಟಿನ ಪ್ರಶ್ನೆಗೆ ಉತ್ತರ ಬರೆಯುವ ಬದಲು, ಮೇಲಿನ ಖಾಲಿ ಜಾಗಕ್ಕೆ ಹೋಗಿ, ನಾನು ಹೇಳಿದಂತೆ 'ತುಂಗಾತನಯ' ಎಂದು ಒತ್ತಿದ. ಯಂತ್ರ ಒಂದು ಕ್ಷಣವೂ ತಡೆಯಲಿಲ್ಲ. ಈ ಹೆಸರು ದೊರೆಯುತ್ತದೆ ಎಂದಿತು. ಇಷ್ಟು ದೊಡ್ಡ ಜಗತ್ತಿನಲ್ಲಿ ಅದನ್ನು ಬೇರೆ ಯಾರೂ ಕೇಳಿರಲಿಲ್ಲ.

ನೆಂಟರಲ್ಲಿ ಇದರಿಂದ ಸ್ವಲ್ಪ ಗೊಂದಲವಾದುದು ಉಂಟು. ದೊಡ್ಡಪ್ಪನ ಮಗ ಫೋನು ಮಾಡಿ, "ತುಂಗಾತನಯ ಅಂದರ ನಮ್ಮಪ್ಪ ಆಗ್ತಾನೋ, ಇಲ್ಲಾ ನಿಮ್ಮಪ್ಪ ಆಗ್ತಾನ. ನೀ ಮೊಮ್ಮಗ. ವ್ಯಾಕರಣ ತಪ್ಪೇದ" ಎಂದು ನಕ್ಕ. ನಾನೂ ನಕ್ಕೆ. ವಿವರಿಸಲು ಹೋದರೆ ಹಂಡೆಯ ವಿಷಯ ಬರುತ್ತಿತ್ತು.

ಅವ್ವನಿಗೆ ಅಂದು ಸಂಜೆಯೇ ಹೇಳಿದೆ. ಮೆಂತ್ಯದ ಪಲ್ಯ ಸೋಸುತ್ತ ಕುಳಿತಿದ್ದಳು. "ಅತ್ತಿಯವರ ಹೆಸರು ಇಟ್ಟಿ ಏನು? ಛಲೋ ಆತು ಬಿಡು" ಎಂದಳು. "ಅಜ್ಜಿದಲ್ಲ ಅವ್ವಾ, ನಿಂದು" ಎಂದೆ. ಅವಳು ಮಾತನಾಡಲಿಲ್ಲ. ಕೈ ಮಾತ್ರ ನಡೆದೇ ಇತ್ತು. ಕಡ್ಡಿಗಳನ್ನು ಎಲೆಗಳ ಗುಂಪಿಗೆ ಹಾಕುತ್ತಿದ್ದಳು. ಸ್ವಲ್ಪ ಹೊತ್ತಿನ ಮೇಲೆ ಅದು ತಿಳಿದು, ಒಂದೊಂದಾಗಿ ಆರಿಸಿ ತೆಗೆದಳು. "ಹುಚ್ಚ" ಎಂದಳು. ಅಷ್ಟೆ.

ಇದರಿಂದ ಅವಳಿಗೆ ಸಂತೋಷವಾಯಿತೆ, ಅಥವಾ ಮುಚ್ಚಿಹೋದ ಗಾಯವನ್ನು ನಾನು ನನ್ನ ಸಮಾಧಾನಕ್ಕಾಗಿ ಕೆದಕಿದೆನೆ ಎಂದು ನಾಲ್ಕು ದಿನ ನನ್ನ ಮನಸ್ಸು ತಳಮಳಗೊಂಡಿತ್ತು. ಐದನೆಯ ದಿನ ಸಂಜೆ ದೇವರ ಮುಂದೆ ದೀಪ ಹಚ್ಚಿ ಬಂದವಳು, ನಾನು ಕಂಪ್ಯೂಟರಿನ ಮುಂದೆ ಇದ್ದುದನ್ನು ಕಂಡು, ಬಾಗಿಲಲ್ಲಿ ನಿಂತು ಕೇಳಿದಳು:

"ಆ ತುಂಗಾಗ ಪತ್ರ ಏನರ ಬಂದಾವೇನು?"

ಆ ಹೆಸರನ್ನು ಅವಳ ಬಾಯಿಂದ ನಾನು ಕೇಳಿದ್ದು ಅದೇ ಮೊದಲು. ಬಂದಿದ್ದವು. ಒಂದು ವಿಮಾ ಕಂಪನಿಯದು, ಒಂದು ಬ್ಯಾಂಕಿನದು. ಮತ್ತೊಂದು, ನನಗೆ ಲಾಟರಿಯಲ್ಲಿ ಕೋಟಿಗಟ್ಟಲೆ ಹಣ ಬಂದಿದೆಯೆಂದು ತಿಳಿಸುವ ಠಕ್ಕನದು. "ಮೂರು ಬಂದಾವ ಅವ್ವಾ" ಎಂದೆ. "ಹೌದೇನು!" ಎಂದು ಒಳಗೆ ಹೋದಳು.

ಅಂದಿನಿಂದ ಅದು ಪರಿಪಾಠವಾಯಿತು. ದೀಪ ಹಚ್ಚಿದ ಮೇಲೆ ಆ ಪ್ರಶ್ನೆ. ಎಷ್ಟು ಬಂದಿವೆಯೆಂದು ನಾನು ಹೇಳಬೇಕು. ಯಾರು ಬರೆದಿದ್ದಾರೆ, ಏನು ಬರೆದಿದ್ದಾರೆ ಎಂದು ಒಮ್ಮೆಯೂ ಕೇಳಲಿಲ್ಲ. ಯಾವುದೂ ಬರದ ದಿನ ಸಿಗುತ್ತಿರಲಿಲ್ಲ. ಆ ಮಟ್ಟಿಗೆ ವಿಮಾ ಕಂಪನಿಗಳಿಗೆ ನಾನು ಋಣಿ. 2019ರಲ್ಲಿ, ಎಂಬತ್ತಮೂರನೆಯ ವಯಸ್ಸಿನಲ್ಲಿ, ಅವ್ವ ತೀರಿಕೊಂಡಳು. ಮರಣದ ದಾಖಲೆಯಲ್ಲಿ ರಮಾಬಾಯಿ ಎಂದಿದೆ. ಅದು ಸರಿಯೇ, ಅರವತ್ತೈದು ವರ್ಷ ಅವಳು ಆ ಹೆಸರಿನಲ್ಲಿ ಬಾಳಿದಳು, ದುಡಿದಳು, ನಮ್ಮನ್ನು ಬೆಳೆಸಿದಳು. ಕೊನೆಯ ದಿನ ಅವಳ ಬಾಯಿಗೆ ನೀರು ಬಿಟ್ಟಿದ್ದು ನಮ್ಮ ಪಾಲಿಗೆ ಬಂದಿದ್ದ ಆ ತಂಬಿಗೆಯಿಂದ.

ಮಗ ಈಗ ಬೇರೆ ಊರಿನಲ್ಲಿದ್ದಾನೆ. ಹಳೆಯ ವಿಳಾಸವನ್ನು ಬಿಟ್ಟು ಹೊಸದೊಂದನ್ನು ತೆರೆಯಪ್ಪಾ, ಬರೀ ಕಸ ತುಂಬಿದೆ ಎನ್ನುತ್ತಾನೆ. ಮಾತು ನಿಜ. ಆದರೆ ಸಂಜೆ ದೀಪ ಹಚ್ಚುವ ಹೊತ್ತಿಗೆ ನಾನು ಅದನ್ನು ತೆರೆದು ನೋಡುತ್ತೇನೆ. ಕೇಳುವವರಿಲ್ಲದಿದ್ದರೂ ಎಣಿಸುತ್ತೇನೆ.

ನಿನ್ನೆ ಹನ್ನೊಂದು ಬಂದಿದ್ದವು.